ಮನೆಗೆ ಮಾತನಾಡುವ ಗಿಳಿ: ಕಾನೂನು ಒಪ್ಪುವ ಹಕ್ಕಿಗಳ ಆಯ್ಕೆ ಮತ್ತು ಪಾಲನೆ

ಮಕ್ಕಳು ಹಾಗೂ ಹಿರಿಯರಿರುವ ಮನೆಗಳಲ್ಲಿ ಮಾತನಾಡುವ ಗಿಳಿಯೊಂದನ್ನು ಸಾಕಬೇಕೆಂಬ ಆಸೆ ಸಹಜವಾದುದು. ಸೂರ್ಯಕಾಂತಿ, ಮುಸುಕಿನ ಜೋಳ ಅಥವಾ ಸೀಬೆ ಬೆಳೆಯುವ ರೈತರಿಗೆ ಗಿಳಿಯು ದಿನನಿತ್ಯ ಕಾಣುವ ಹಕ್ಕಿ. ಒಣಗಿದ ತೆಂಗಿನ ಮರವನ್ನು ಕಡಿಯುವಾಗ ಪೊಟರೆಯಲ್ಲಿ ಮರಿ ದೊರೆತರೆ ಅದನ್ನು ಮನೆಗೆ ತಂದು ಸಾಕುವ ರೂಢಿ ಇಂದಿಗೂ ಕೆಲವೆಡೆ ಇದೆ. ಆದರೆ ಇದು ಶಿಕ್ಷಾರ್ಹ ಅಪರಾಧವೆಂಬುದು ಅನೇಕರಿಗೆ ತಿಳಿದಿಲ್ಲ. ಕಾನೂನಿನ ತೊಡಕಿಲ್ಲದೆ ಸಾಕಬಹುದಾದ, ಮಾತು ಕಲಿಯಬಲ್ಲ ಹಕ್ಕಿಗಳು ಯಾವುವು, ಅವುಗಳನ್ನು ಆರಿಸುವುದು ಹೇಗೆ, ಅವುಗಳಿಗೆ ಏನನ್ನು ಒದಗಿಸಬೇಕು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ನಾಡಿನ ಗಿಳಿಗಳನ್ನು ಸಾಕುವಂತಿಲ್ಲ

ಕೊರಳಿನಲ್ಲಿ ಗುಲಾಬಿ ಪಟ್ಟಿಯಿರುವ ಸಾಮಾನ್ಯ ಹಸಿರು ಗಿಳಿ, ಹೆಗಲಿನಲ್ಲಿ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿ, ಕೆಂದಲೆಯ ಗಿಳಿ, ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ ನೀಲಿ ರೆಕ್ಕೆಯ ಗಿಳಿ, ಇವೆಲ್ಲವೂ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿಯಲ್ಲಿ ಸಂರಕ್ಷಿತ ಹಕ್ಕಿಗಳು. ಇವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಹಾಗೂ ಪಂಜರದಲ್ಲಿಡುವುದು ಅಪರಾಧವಾಗಿದ್ದು, ಸೆರೆವಾಸ ಮತ್ತು ದಂಡ ಎರಡಕ್ಕೂ ಅವಕಾಶವಿದೆ. ಸಂತೆಯಲ್ಲಿ ಮಾರಾಟಕ್ಕಿರುವುದು, ಗಿಳಿಶಾಸ್ತ್ರ ಹೇಳುವವರ ಬಳಿ ಕಾಣಸಿಗುವುದು ಅಥವಾ ನೆರೆಮನೆಯಲ್ಲಿ ಹಲವು ವರ್ಷಗಳಿಂದ ಇರುವುದು, ಇವು ಯಾವುವೂ ಅನುಮತಿಯೆನಿಸುವುದಿಲ್ಲ. ಹಳದಿ ಅಥವಾ ನೀಲಿ ಬಣ್ಣದ ಗಿಳಿಯನ್ನು "ವಿದೇಶಿ ಹಕ್ಕಿ" ಎಂದು ಮಾರುವುದೂ ಉಂಟು. ಅವುಗಳಲ್ಲಿ ಬಹಳಷ್ಟು ನಮ್ಮ ಗುಲಾಬಿ ಕೊರಳಿನ ಗಿಳಿಯ ಬಣ್ಣಾಂತರಗಳೇ ಆಗಿವೆ. ಬಣ್ಣ ಬೇರೆಯಾದರೂ ಜಾತಿ ಅದೇ ಆಗಿರುವುದರಿಂದ ಅಂತಹ ಹಕ್ಕಿಯನ್ನು ಕೊಳ್ಳಬಾರದು.

ಹೊಲ ಅಥವಾ ತೋಟದಲ್ಲಿ ಪುಕ್ಕ ಬಲಿಯದ ಮರಿ ಬಿದ್ದಿದ್ದರೆ, ಗೂಡಿನ ಪೊಟರೆ ಕೈಗೆಟಕುವಂತಿದ್ದಲ್ಲಿ ಮರಿಯನ್ನು ಅಲ್ಲಿಯೇ ಇರಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ತೊರೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಮರವೇ ಉರುಳಿದ್ದರೆ ಅಥವಾ ಮರಿಗೆ ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿರಿ. ಗಿಳಿಗಳು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಮರಿ ಮಾಡುವುದರಿಂದ, ಪೊಟರೆಯಿರುವ ಒಣಮರಗಳನ್ನು ಕಡಿಯುವ ಕೆಲಸವನ್ನು ಸಾಧ್ಯವಾದರೆ ಮಳೆಗಾಲಕ್ಕೆ ಮುಂದೂಡುವುದು ಉತ್ತಮ.

ಹಕ್ಕಿಗಿಂತ ಮೊದಲು ಮನೆಯನ್ನು ಪರಿಶೀಲಿಸಿರಿ

ಗಿಳಿಗಳು ಗುಂಪಿನಲ್ಲಿ ಬಾಳುವ ಹಕ್ಕಿಗಳು. ಗುಂಪಿನ ಸದಸ್ಯರ ಕೂಗನ್ನು ಅನುಕರಿಸಿ ಸಂಪರ್ಕ ಉಳಿಸಿಕೊಳ್ಳುವುದು ಅವುಗಳ ಸ್ವಭಾವ. ಮನೆಯಲ್ಲಿ ಒಂಟಿಯಾಗಿರುವ ಹಕ್ಕಿಗೆ ಮನೆಯವರೇ ಗುಂಪಾಗುತ್ತಾರೆ. ಆದ್ದರಿಂದಲೇ ಅದು ಮನುಷ್ಯರ ಮಾತನ್ನು ಕಲಿಯುತ್ತದೆ. ಅಂದರೆ ಹಕ್ಕಿಯ ಮಾತಿಗೂ ಅದರೊಡನೆ ನೀವು ಕಳೆಯುವ ಸಮಯಕ್ಕೂ ನೇರ ಸಂಬಂಧವಿದೆ. ಕೊಳ್ಳುವ ಮೊದಲು ಕುಟುಂಬದವರೆಲ್ಲರೂ ಕುಳಿತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

1. ಬಿತ್ತನೆ ಮತ್ತು ಕಟಾವಿನ ಕಾಲವೂ ಸೇರಿದಂತೆ ವರ್ಷವಿಡೀ ದಿನಕ್ಕೆ ಕನಿಷ್ಠ ಎರಡು ಗಂಟೆ ಹಕ್ಕಿಯೊಡನೆ ಇರುವವರು ಯಾರು?
2. ಮನೆಯಲ್ಲಿ ಆಸ್ತಮಾ ಅಥವಾ ಧೂಳಿನ ಅಲರ್ಜಿ ಇರುವವರಿದ್ದಾರೆಯೇ?
3. ಬೆಕ್ಕು ಇದೆಯೇ? ಹಿತ್ತಲಿನಲ್ಲಿ ಕೋಳಿಗಳಿವೆಯೇ?
4. ಹೊಗೆ ತಾಕದ, ಬೆಳಕಿರುವ, ಮನೆಯವರು ಓಡಾಡುವ ಜಾಗವಿದೆಯೇ?
5. ಮಕ್ಕಳು ಓದಿಗಾಗಿ ಊರು ಬಿಟ್ಟ ಮೇಲೆ ಹಕ್ಕಿಯ ಹೊಣೆ ಯಾರದು?

ಮೊದಲನೆಯ ಪ್ರಶ್ನೆಗೆ ಖಚಿತ ಉತ್ತರವಿಲ್ಲದಿದ್ದರೆ ಒಂಟಿ ಹಕ್ಕಿಯನ್ನು ತರಬಾರದು. ಸದಾ ಒಂಟಿಯಾಗಿ ಉಳಿದ ಹಕ್ಕಿ ಕಿರುಚತೊಡಗುತ್ತದೆ, ಕೆಲವೊಮ್ಮೆ ತನ್ನ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳುತ್ತದೆ. ಸಮಯದ ಅಭಾವವಿರುವ ಮನೆಗೆ ಜೋಡಿ ಹಕ್ಕಿಗಳೇ ಸೂಕ್ತ. ಜೋಡಿಯಾಗಿರುವ ಹಕ್ಕಿಗಳು ಪರಸ್ಪರ ಸಂಭಾಷಿಸುವುದರಿಂದ ನಮ್ಮ ಮಾತನ್ನು ಕಲಿಯುವ ಸಂಭವ ಕಡಿಮೆ. ಆದರೆ ಅವು ನೆಮ್ಮದಿಯಾಗಿರುತ್ತವೆ. ಮಾತು ಮುಖ್ಯವೋ ಹಕ್ಕಿಯ ನೆಮ್ಮದಿ ಮುಖ್ಯವೋ ಎಂಬ ಪ್ರಶ್ನೆ ಬಂದಾಗ ಎರಡನೆಯದನ್ನೇ ಆರಿಸಬೇಕು.

ಆಯ್ಕೆಗೆ ಲಭ್ಯವಿರುವ ಹಕ್ಕಿಗಳು

ಬಜರಿಗಾರ್: ನಮ್ಮ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಟ್ಟ ಹಕ್ಕಿಗಳು ಬಹುಪಾಲು ಇವೇ. ಆಸ್ಟ್ರೇಲಿಯಾ ಮೂಲದ ಈ ಹಕ್ಕಿ ಸುಮಾರು 18 ಸೆಂ.ಮೀ. ಉದ್ದ, 30ರಿಂದ 40 ಗ್ರಾಂ ತೂಕವಿರುತ್ತದೆ. ಗಾತ್ರದಲ್ಲಿ ಚಿಕ್ಕದಾದರೂ ಮಾತು ಕಲಿಯುವುದರಲ್ಲಿ ಹಿಂದೆ ಬೀಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಪಕ್ ಎಂಬ ಗಂಡು ಬಜರಿಗಾರ್ 1,728 ಪದಗಳನ್ನು ಕಲಿತಿತ್ತೆಂದು ಗಿನ್ನೆಸ್ ದಾಖಲೆಯಲ್ಲಿದೆ. ಇದು ಅಪರೂಪದ ನಿದರ್ಶನ. ಸಾಮಾನ್ಯವಾಗಿ ಕೆಲವು ಪದಗಳನ್ನು ನಿರೀಕ್ಷಿಸಬಹುದು. ಧ್ವನಿ ಸಣ್ಣ, ಮಾತು ವೇಗ. ಕಿವಿಗೊಟ್ಟು ಕೇಳಬೇಕು. ಸಾಮಾನ್ಯ ಆಯುಷ್ಯ 5ರಿಂದ 10 ವರ್ಷ. ಮೊದಲ ಬಾರಿಗೆ ಹಕ್ಕಿ ಸಾಕುವ ಕುಟುಂಬಕ್ಕೆ ಇದು ಅತ್ಯಂತ ಸೂಕ್ತ.

ಕಾಕಟೀಲ್: ಇದೂ ಆಸ್ಟ್ರೇಲಿಯಾ ಮೂಲದ್ದೇ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಮಚ್ಚೆ, ಸುಮಾರು 30 ಸೆಂ.ಮೀ. ಉದ್ದ, 80ರಿಂದ 100 ಗ್ರಾಂ ತೂಕ. ಮಾತು ಕಡಿಮೆ, ಸಿಳ್ಳೆ ಹೆಚ್ಚು. ಗಂಡು ಹಕ್ಕಿ ಹಾಡಿನ ಧಾಟಿಯನ್ನು ಸಿಳ್ಳೆಯಲ್ಲಿ ಅನುಕರಿಸುತ್ತದೆ. ಸ್ನೇಹಶೀಲತೆಯಲ್ಲಿ ಇದು ಬಜರಿಗಾರ್‌ಗಿಂತ ಮೇಲು. ಹೆಗಲ ಮೇಲೆ ಕೂರುವುದು, ತಲೆ ಸವರಿಸಿಕೊಳ್ಳಲು ಬಾಗುವುದು ಇದಕ್ಕೆ ಪ್ರಿಯ. ಆಯುಷ್ಯ 15ರಿಂದ 20 ವರ್ಷ. ಇದರ ಪುಕ್ಕಗಳಿಂದ ಬಿಳಿಯ ಪುಡಿ ಉದುರುವುದರಿಂದ ಆಸ್ತಮಾ ರೋಗಿಗಳಿರುವ ಮನೆಗೆ ಸೂಕ್ತವಲ್ಲ.

ಆಫ್ರಿಕನ್ ಲವ್ ಬರ್ಡ್: ನೋಡಲು ಅಂದವಾಗಿದ್ದರೂ ಮಾತನಾಡುವುದು ವಿರಳ. ಕೂಗು ತೀಕ್ಷ್ಣ, ಕೊಕ್ಕು ಬಲವಾದುದು. ಪುಟ್ಟ ಮಕ್ಕಳ ಕೈಗೆ ಕೊಡುವಂತಹ ಹಕ್ಕಿಯಲ್ಲ.

ದೊಡ್ಡ ವಿದೇಶಿ ಗಿಳಿಗಳು: ಮಾತಿನಲ್ಲಿ ಆಫ್ರಿಕನ್ ಗ್ರೇ ಗಿಳಿಯನ್ನು ಮೀರಿಸುವ ಹಕ್ಕಿ ವಿರಳ. ಆದರೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಅದು ಸೇರಿದೆ. ಇಂತಹ ಪಟ್ಟಿಗಳಲ್ಲಿರುವ ಜೀವಿಗಳನ್ನು ಹೊಂದಿರುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ. 40 ವರ್ಷಕ್ಕೂ ಹೆಚ್ಚು ಬದುಕಬಲ್ಲ ಈ ಹಕ್ಕಿಗೆ ಸಮಯ, ವೆಚ್ಚ ಎರಡೂ ಅಧಿಕ. ಬಜರಿಗಾರ್ ಮತ್ತು ಕಾಕಟೀಲ್ ಈ ಒಪ್ಪಂದದ ಪಟ್ಟಿಗಳಿಂದ ಹೊರಗಿವೆ. ಸಾಮಾನ್ಯ ಕುಟುಂಬಗಳು ಇವೆರಡರಲ್ಲಿಯೇ ಆಯ್ಕೆ ಮಾಡುವುದು ಕ್ಷೇಮ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

• ನೋಂದಾಯಿತ ಅಂಗಡಿ ಅಥವಾ ಪರಿಚಿತ ಸಾಕಣೆದಾರರಲ್ಲಿಯೇ ಕೊಂಡು ರಸೀದಿ ಪಡೆಯಿರಿ. ರಸೀದಿಯಲ್ಲಿ ಹಕ್ಕಿಯ ಜಾತಿಯ ಹೆಸರು ಇರಲಿ.
• ತಾನಾಗಿಯೇ ಕಾಳು ಸುಲಿದು ತಿನ್ನಬಲ್ಲ ಮರಿಯನ್ನೇ ಆರಿಸಿರಿ. ಬಜರಿಗಾರ್‌ಗೆ 6ರಿಂದ 8 ವಾರ, ಕಾಕಟೀಲ್‌ಗೆ 8ರಿಂದ 12 ವಾರ ತುಂಬಿರಬೇಕು. "ಕೈತುತ್ತು ಕೊಟ್ಟರೆ ಬೇಗ ಒಗ್ಗುತ್ತದೆ" ಎಂದು ಇನ್ನೂ ಎಳೆಯ ಮರಿಗಳನ್ನು ಮಾರುವವರಿದ್ದಾರೆ. ಅನುಭವವಿಲ್ಲದವರು ತುತ್ತು ಕೊಟ್ಟಾಗ ಆಹಾರ ಶ್ವಾಸನಾಳಕ್ಕೆ ಹೋಗಿ ಅಥವಾ ಬಿಸಿ ಹೆಚ್ಚಾಗಿ ಮರಿ ಸಾಯುವುದುಂಟು.
• ಎಳೆಯ ಬಜರಿಗಾರ್‌ನ ಹಣೆಯ ಮೇಲಿನ ಗೆರೆಗಳು ಕೊಕ್ಕಿನ ಬುಡದವರೆಗೂ ಇರುತ್ತವೆ. 3ರಿಂದ 4 ತಿಂಗಳಿನಲ್ಲಿ ಮೊದಲ ಪುಕ್ಕ ಉದುರಿದಾಗ ಇವು ಮಾಯವಾಗುತ್ತವೆ.
• ಮಾತಿಗಾಗಿ ಕೊಳ್ಳುವುದಾದರೆ ಗಂಡನ್ನು ಆರಿಸಿರಿ. ಹೆಚ್ಚಿನ ಬಣ್ಣಗಳ ಬಜರಿಗಾರ್‌ಗಳಲ್ಲಿ, ಬಲಿತ ಗಂಡಿನ ಮೂಗಿನ ಹೊಳ್ಳೆಗಳ ಸುತ್ತಲಿನ ಮೆತ್ತನೆಯ ಭಾಗ ನೀಲಿಯಾಗಿಯೂ, ಹೆಣ್ಣಿನಲ್ಲಿ ಕಂದು ಅಥವಾ ಬಿಳಿಚಾಗಿಯೂ ಇರುತ್ತದೆ. ಎಳೆಯ ಗಂಡಿನಲ್ಲಿ ಅದು ಒಂದೇ ಸಮನಾದ ಗುಲಾಬಿ ಅಥವಾ ನೇರಳೆ ಬಣ್ಣದ್ದು.
• ಆರೋಗ್ಯವಂತ ಹಕ್ಕಿಯ ಕಣ್ಣು ಹೊಳೆಯುತ್ತದೆ, ಮೂಗು ಒಣಗಿರುತ್ತದೆ, ಗುದದ ಸುತ್ತಲಿನ ಪುಕ್ಕ ಶುಚಿಯಾಗಿರುತ್ತದೆ. ಮೈಯುಬ್ಬಿಸಿಕೊಂಡು ಮಂಕಾಗಿ ಕುಳಿತ, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವ ಹಕ್ಕಿಯನ್ನು ಕನಿಕರದಿಂದಲೂ ತರಬೇಡಿರಿ.
• ಮಾತು ಗ್ಯಾರಂಟಿ ಎಂಬ ಭರವಸೆಯನ್ನು ನಂಬಬೇಡಿರಿ. ಯಾವುದೇ ಮರಿ ಮಾತು ಕಲಿತೇ ತೀರುತ್ತದೆ ಎಂದು ಹೇಳಲಾಗದು.

ಪಂಜರ ಮತ್ತು ಅದರ ಸ್ಥಳ

ಒಂದು ಬಜರಿಗಾರ್‌ಗೆ ಕನಿಷ್ಠ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಪಂಜರ ಬೇಕು. ಸರಳುಗಳ ನಡುವಿನ ಅಂತರ 12 ಮಿ.ಮೀ. ಮೀರಬಾರದು. ಕಾಕಟೀಲ್‌ಗೆ ಇದಕ್ಕಿಂತ ದೊಡ್ಡದು, ಅದು ರೆಕ್ಕೆಗಳನ್ನು ಪೂರ್ಣವಾಗಿ ಬಿಚ್ಚಲು ಅನುವಾಗುವಂತಹುದು ಬೇಕು. ಹಕ್ಕಿ ಅಡ್ಡಡ್ಡಲಾಗಿ ಹಾರುವುದರಿಂದ ಎತ್ತರಕ್ಕಿಂತ ಉದ್ದವೇ ಮುಖ್ಯ. ಸತು ಲೇಪನ ಕಿತ್ತುಬರುತ್ತಿರುವ ತಂತಿಯನ್ನು ಕಚ್ಚುವುದರಿಂದ ವಿಷವೇರುವ ಅಪಾಯವಿದೆ. ಕೂರುವ ಕೋಲಿಗೆ ಔಷಧ ಸಿಂಪಡಿಸದ ಸೀಬೆ ಅಥವಾ ಬೇವಿನ ಕೊಂಬೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಬಳಸಿರಿ. ಸಂತಾನದ ಉದ್ದೇಶವಿಲ್ಲದಿದ್ದರೆ ಗೂಡಿನ ಮಡಕೆ ಇಡಬೇಡಿರಿ.

ಪಂಜರವನ್ನು ಪಡಸಾಲೆಯಲ್ಲಿ ಗೋಡೆಯ ಬದಿಗೆ, ಕಣ್ಣಿನ ಎತ್ತರದಲ್ಲಿರಿಸಬೇಕು. ಅಡುಗೆಮನೆಯಲ್ಲಿ ಸರ್ವಥಾ ಇಡಬಾರದು. ಸೌದೆ ಒಲೆಯ ಹೊಗೆ ಹಾಗೂ ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಆವಿ ಹಕ್ಕಿಯ ಪ್ರಾಣಕ್ಕೆ ಎರವಾಗಬಲ್ಲವು. ರಾತ್ರಿ 10ರಿಂದ 12 ಗಂಟೆ ನಿದ್ದೆಗೆ ಕತ್ತಲು ಹಾಗೂ ನಿಶ್ಶಬ್ದ ಬೇಕು. ಟಿ.ವಿ. ಪಕ್ಕದ ಜಾಗ ಸೂಕ್ತವಲ್ಲ.

ಆಹಾರ: ರೈತರಿಗೆ ವಿಶೇಷ ಎಚ್ಚರಿಕೆ

ಬಜರಿಗಾರ್‌ನ ಮುಖ್ಯ ಆಹಾರ ಸಿಪ್ಪೆಸಹಿತವಾದ ನವಣೆ. ಅದರೊಡನೆ ಸಾಮೆ, ಸಜ್ಜೆ ಬೆರೆಸಬಹುದು. ಒಂದು ಹಕ್ಕಿಗೆ ದಿನಕ್ಕೆ ಸುಮಾರು ಎರಡು ಟೀ ಚಮಚ ಸಾಕು. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಹೆಚ್ಚಿರುವುದರಿಂದ ಅದನ್ನು ಅಪರೂಪಕ್ಕೆ ಮಾತ್ರ ಕೊಡಬೇಕು. ತೊಳೆದ ಕೊತ್ತಂಬರಿ, ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್ ಪ್ರತಿದಿನ ಸ್ವಲ್ಪ ಇರಲಿ. ಸುಣ್ಣದ ಅಂಶಕ್ಕಾಗಿ ಸಮುದ್ರ ನೊರೆ ಎಂದು ಕರೆಯುವ ಕಟಲ್ ಮೀನಿನ ಮೂಳೆಯನ್ನು ಪಂಜರಕ್ಕೆ ಸಿಕ್ಕಿಸಬೇಕು. ಹಕ್ಕಿ ಕಾಳು ತಿಂದು ಹೊಟ್ಟನ್ನು ಬಟ್ಟಲಿನಲ್ಲಿಯೇ ಬಿಡುತ್ತದೆ. ತುಂಬಿದಂತೆ ಕಾಣುವ ಬಟ್ಟಲಿನಲ್ಲಿ ಬರೀ ಹೊಟ್ಟಿದ್ದು ಹಕ್ಕಿ ಉಪವಾಸ ಬೀಳಬಹುದು. ಪ್ರತಿದಿನ ಹೊಟ್ಟನ್ನು ಊದಿ ತೆಗೆದು ನೋಡಿರಿ.

ರೈತ ಕುಟುಂಬಗಳು ಮೂರು ವಿಷಯಗಳನ್ನು ಮರೆಯಬಾರದು.

1. ಬೀಜೋಪಚಾರ ಮಾಡಿದ, ಬಣ್ಣ ಲೇಪಿಸಿದ ಬಿತ್ತನೆ ಬೀಜದ ಉಳಿಕೆಯನ್ನು ಎಂದಿಗೂ ಹಕ್ಕಿಗೆ ಕೊಡಬಾರದು. ತೊಳೆದರೂ ವಿಷ ಪೂರ್ತಿ ಹೋಗುವುದಿಲ್ಲ. ಕೆಲವು ಕಾಳುಗಳೇ ಇಷ್ಟು ಸಣ್ಣ ಹಕ್ಕಿಯ ಪ್ರಾಣಕ್ಕೆ ಸಾಕು.
2. ಬೂಷ್ಟು ಹಿಡಿದ ಶೇಂಗಾ ಹಾಗೂ ಮುಸುಕಿನ ಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಮನುಷ್ಯರು ತಿನ್ನಲಾಗದ ಕಾಳು ಹಕ್ಕಿಗೂ ಬೇಡ.
3. ಸಿಂಪಡಣೆ ಮುಗಿಸಿ ಬಂದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹಕ್ಕಿಯನ್ನು ಮುಟ್ಟಬಾರದು. ಕೀಟನಾಶಕದ ಡಬ್ಬಿಗಳಿರುವ ಕೋಣೆಯಲ್ಲಿ ಪಂಜರ ಇರಬಾರದು.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಚಹಾ, ಈರುಳ್ಳಿ, ಉಪ್ಪು ಹಾಕಿದ ಕುರುಕಲು ತಿಂಡಿಗಳನ್ನು ಕೊಡಬಾರದು.

ಮಾತು ಕಲಿಸುವ ಕ್ರಮ

ಹೊಸ ಹಕ್ಕಿಗೆ ಮೊದಲ ವಾರ ಕೇವಲ ಹೊಂದಿಕೊಳ್ಳಲು ಬಿಡಿರಿ. ಬಳಿಕ ನವಣೆ ತೆನೆಯನ್ನು ಕೈಯಲ್ಲಿ ಹಿಡಿದು ಪಂಜರದೊಳಗೆ ಅಲುಗಾಡದೆ ಇರಿಸಿರಿ. ಹಕ್ಕಿ ತಾನಾಗಿ ಬಂದು ಕೈಯಿಂದ ತಿನ್ನತೊಡಗಿದ ಮೇಲೆ ಮಾತಿನ ಪಾಠ ಆರಂಭಿಸಬಹುದು. ಬೆಳಿಗ್ಗೆ ಮತ್ತು ಸಂಜೆ ಹತ್ತು ಹತ್ತು ನಿಮಿಷ, ಒಬ್ಬರೇ ಒಂದೇ ಪದವನ್ನು ಒಂದೇ ಧಾಟಿಯಲ್ಲಿ ಹೇಳಬೇಕು. "ಬಾ ಪುಟ್ಟ", "ಊಟ ಆಯ್ತಾ" ಎಂಬಂತಹ ಚಿಕ್ಕ ಮಾತುಗಳು ಸೂಕ್ತ. ಹಕ್ಕಿ ಒಂದನ್ನು ಕಲಿತ ಬಳಿಕವೇ ಮುಂದಿನದು. ಆಹಾರ ಕೊಡುವಾಗ, ಪಂಜರದ ಬಾಗಿಲು ತೆರೆಯುವಾಗ ಆಯಾ ಮಾತನ್ನೇ ಬಳಸಿದರೆ ಕಲಿಕೆ ಸುಲಭ. ಕಾಕಟೀಲ್‌ಗೆ ಮೊದಲು ಮಾತು, ಆಮೇಲೆ ಸಿಳ್ಳೆ ಕಲಿಸಿರಿ. ಸಿಳ್ಳೆ ರೂಢಿಯಾದರೆ ಮಾತಿನತ್ತ ಅದರ ಗಮನ ಕಡಿಮೆಯಾಗಬಹುದು. ಮೊಬೈಲ್‌ನಲ್ಲಿ ಧ್ವನಿಮುದ್ರಿಕೆ ಹಾಕಿ ಬಿಟ್ಟರೆ ಸಾಲದು. ನಾಲಿಗೆ ಸೀಳುವುದು, ಉಜ್ಜುವುದು ಮುಂತಾದ ಕ್ರಮಗಳು ಕ್ರೌರ್ಯವಷ್ಟೇ ಅಲ್ಲ, ನಿಷ್ಪ್ರಯೋಜಕ ಕೂಡ. ಹಕ್ಕಿಯ ಧ್ವನಿ ಹುಟ್ಟುವುದು ಶ್ವಾಸನಾಳ ಕವಲೊಡೆಯುವ ಜಾಗದಲ್ಲಿ.

ರೋಗ ಮತ್ತು ಶುಚಿತ್ವ

ಗಿಳಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಸೋಂಕು ತಗುಲಬಹುದು. ಒಣಗಿದ ಹಿಕ್ಕೆಯ ಧೂಳಿನಿಂದ ಅದು ಹರಡುತ್ತದೆ. ಆದ್ದರಿಂದ ಹಿಕ್ಕೆಯನ್ನು ನೀರು ಚಿಮುಕಿಸಿ ಒದ್ದೆ ಮಾಡಿದ ಬಳಿಕವೇ ತೆಗೆಯಬೇಕು, ಕೈಗಳನ್ನು ಸೋಪಿನಿಂದ ತೊಳೆಯಬೇಕು. ಹಕ್ಕಿ ಸಾಕುವವರಿಗೆ ಜ್ವರದೊಡನೆ ಕೆಮ್ಮು ಕಾಣಿಸಿದರೆ ಹಕ್ಕಿಯಿರುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ರಾಣಿಖೇತ ರೋಗ ಕೋಳಿಗಳಿಗೂ ಗಿಳಿಗಳಿಗೂ ಬರುವುದರಿಂದ ಪಂಜರವನ್ನು ಕೋಳಿಗಳ ಬಳಿ ಇಡಬಾರದು. ಹಳೆಯ ಹಕ್ಕಿಯಿರುವ ಮನೆಗೆ ಹೊಸ ಹಕ್ಕಿ ತಂದಾಗ 30 ದಿನ ಬೇರೆ ಕೋಣೆಯಲ್ಲಿರಿಸಬೇಕು. ಹಕ್ಕಿಗಳು ರೋಗವನ್ನು ಕೊನೆಯವರೆಗೂ ಮರೆಮಾಚುತ್ತವೆ. ಮೇವು ಬಿಟ್ಟ ದಿನವೇ ಪಶುವೈದ್ಯರನ್ನು ಕಾಣಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮ ಭೇಟಿಯ ವೇಳೆ ಪಂಜರದಲ್ಲಿ ನಾಡಗಿಳಿ ಕಂಡುಬಂದರೆ ಕುಟುಂಬವನ್ನು ಬೆದರಿಸದೆ ಕಾನೂನನ್ನು ವಿವರಿಸಿರಿ. ಹೆದರಿ ರಾತ್ರೋರಾತ್ರಿ ಹಕ್ಕಿಯನ್ನು ಹಾರಿಬಿಡುವುದು ಪರಿಹಾರವಲ್ಲ. ಮರಿಯಿಂದಲೇ ಪಂಜರದಲ್ಲಿ ಬೆಳೆದ ಹಕ್ಕಿಗೆ ಆಹಾರ ಹುಡುಕಲು, ಗಿಡುಗ ಅಥವಾ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ತಿಳಿದಿರುವುದಿಲ್ಲ. ಅದನ್ನು ಅರಣ್ಯ ಇಲಾಖೆಯ ಮೂಲಕ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸುವುದೇ ಸರಿಯಾದ ಮಾರ್ಗ. ಬಜರಿಗಾರ್ ಮತ್ತು ಕಾಕಟೀಲ್‌ಗಳನ್ನೂ ಹೊರಗೆ ಬಿಡಬಾರದು. ಸಾಕಲಾಗದಿದ್ದರೆ ಆಸಕ್ತರಾದ ಮತ್ತೊಂದು ಕುಟುಂಬಕ್ಕೆ ವಹಿಸಬೇಕು.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆಯನ್ನಾಗಲಿ, ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಿರಿ. ಹಕ್ಕಿಯನ್ನು ಮನೆಗೆ ತರುವ ಮೊದಲೇ ಈ ವಿಚಾರಣೆ ನಡೆದರೆ ಕುಟುಂಬಕ್ಕೂ ಹಕ್ಕಿಗೂ ಒಳಿತು.