ಪೋಡಿನ ಸಂಸಾರ ಮತ್ತು ಕಾಡಿನ ಕಾನೂನು

ಇತಿಹಾಸದ ಆಧಾರಗಳು ಎಂಬ ಪಾಠವನ್ನು ನನ್ನಲ್ಲಿ ಓದಿದವರಿಗೆ ಅದರ ಕ್ರಮ ನೆನಪಿರಬಹುದು. ಶಾಸನ, ನಾಣ್ಯ, ಸ್ಮಾರಕ, ಪ್ರವಾಸಿಗರ ಬರಹ ಇವೆಲ್ಲ ಮುಗಿದ ಮೇಲೆ ಕಡೆಯಲ್ಲಿ ಎರಡು ಸಾಲಿನಷ್ಟು ಮೌಖಿಕ ಆಧಾರ. ಪರೀಕ್ಷೆಗೆ ಬಾರದ ಆ ಎರಡು ಸಾಲಿಗೆ ಎಷ್ಟು ಬಲವಿದೆಯೆಂಬುದನ್ನು ತಿಳಿಯಬೇಕಾದರೆ, ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ವಾಸಿಸುವ ಸೋಲಿಗರ ಸಂಸಾರದ ಕಥೆಯನ್ನು ಅರಿಯಬೇಕು.

ಸೋಲಿಗರ ಬಗೆಗೆ ಹೊರಗಿನವರ ಬರಹಗಳು ಇಲ್ಲದಿಲ್ಲ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇವರನ್ನು ಹೆಸರಿಸಿದ್ದಾನೆ. ಆನೆಗಳ ಖೆಡ್ಡಾ ನಡೆಸಿ ಹೆಸರಾದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಕಾಡಿನ ಜಾಡು ಹಿಡಿಯುವ ಇವರ ಜಾಣ್ಮೆಯನ್ನು ಕಂಡವನಂತೆ ಬರೆದಿದ್ದಾನೆ. ಆದರೆ ಒಂದು ಕುಟುಂಬ ಯಾವ ಇಳಿಜಾರಿನಲ್ಲಿ ರಾಗಿ ಬಿತ್ತಿತು, ತನ್ನ ಹಿರಿಯರನ್ನು ಎಲ್ಲಿ ಮಣ್ಣು ಮಾಡಿತು ಎಂಬ ವಿವರ ಇಂಥ ಗ್ರಂಥಗಳಲ್ಲಿ ದೊರೆಯುವುದಿಲ್ಲ. ಅದು ಉಳಿದದ್ದು ಪೋಡಿನ ಹಿರಿಯರ ನೆನಪಿನಲ್ಲಿ.

ಪೋಡು ಎಂದರೆ ಸೋಲಿಗರ ಹಟ್ಟಿ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿದ ಗುಡಿಸಲುಗಳು. ನಡುವೆ ಆರದಂತೆ ಕಾಯ್ದುಕೊಂಡ ಒಲೆ. ಸುತ್ತಲಿನ ಹೊಲದಲ್ಲಿ ರಾಗಿಯೊಡನೆ ಅವರೆ, ಸಾಸಿವೆ, ಕುಂಬಳ. ಪೈರು ತೆನೆಗಟ್ಟಿದಾಗ ಆನೆ, ಹಂದಿಗಳನ್ನು ಕಾಯಲು ಗಂಡಸರು ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಿದ್ದರು. ಕಣಜದಲ್ಲಿ ರಾಗಿ ಮುಗಿದ ತಿಂಗಳುಗಳಲ್ಲಿ ಕಳಲೆ, ಅಣಬೆ, ಸೊಪ್ಪು, ನೂರೆಗೆಣಸು ಸಂಸಾರವನ್ನು ಸಲಹುತ್ತಿದ್ದವು. ಗೆಣಸನ್ನು ಅಗೆದವರು ಬಳ್ಳಿಯ ಬುಡವನ್ನು ಮಣ್ಣಿನಲ್ಲಿ ಉಳಿಸಿ ಗುಂಡಿಯನ್ನು ಮುಚ್ಚಿಬರುತ್ತಿದ್ದರು. ಮುಂದಿನ ವರ್ಷದ ಊಟವೂ ಅಲ್ಲಿಯೇ ಬೆಳೆಯಬೇಕಲ್ಲವೆ?

ಬೇಸಗೆಯ ಆರಂಭದಲ್ಲಿ ಉದುರಿದ ಎಲೆಗೆ ಸಣ್ಣದಾಗಿ ಬೆಂಕಿ ಹಾಕುವ ಪದ್ಧತಿಯಿತ್ತು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ನೆಲ್ಲಿಮರವನ್ನು ಹೀರುವ ಉಪ್ಪಿಲು ಎಂಬ ಬದನಿಕೆಯನ್ನು ಅದು ಹತೋಟಿಯಲ್ಲಿಡುತ್ತಿತ್ತೆಂಬುದು ಹಿರಿಯರ ತಿಳಿವಳಿಕೆ.

ಮದುವೆಯ ಸಂಬಂಧಗಳು ಕುಲದಿಂದ ಕುಲಕ್ಕೆ ನಡೆಯುತ್ತವೆ. ಒಂದೇ ಕುಲದೊಳಗೆ ಹೆಣ್ಣು ತರುವುದಿಲ್ಲ. ದೇವರೂ ಈ ನಂಟಿಗೆ ಹೊರತಲ್ಲ. ಸೋಲಿಗರ ಕುಸುಮಾಲೆಯನ್ನು ರಂಗನಾಥಸ್ವಾಮಿ ವರಿಸಿದನೆಂಬ ಐತಿಹ್ಯವಿರುವುದರಿಂದ ಅವರಿಗೆ ಬೆಟ್ಟದ ರಂಗಯ್ಯ ಭಾವ. ಪ್ರತಿ ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ‘ಎಲ್ಲೆ’ಯುಂಟು. ಅದರೊಳಗೆ ದೇವರು, ಮಾರಮ್ಮ, ವೀರರು, ನೀರಿನ ನೆಲೆ, ಹಿರಿಯರ ಸಮಾಧಿ. ದೊಡ್ಡಸಂಪಿಗೆಯ ಬುಡದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಿತು. 1974ರಲ್ಲಿ ಈ ಬೆಟ್ಟಗಳು ಅಭಯಾರಣ್ಯವೆಂದು ಘೋಷಿತವಾದವು. 1987ರಲ್ಲಿ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ಬೇಟೆಯಷ್ಟೇ ಅಲ್ಲದೆ ಜಾಗ ಬದಲಿಸುವ ಬೇಸಾಯವೂ ತರಗು ಬೆಂಕಿಯೂ ನಿಂತವು. ಚದುರಿದ ಪೋಡುಗಳ ಸಂಸಾರಗಳನ್ನು ಒಂದೆಡೆ ನೆಲೆಗೊಳಿಸಲಾಯಿತು. ಪ್ರಾಣಿಗಳನ್ನು ಉಳಿಸುವ ಉದ್ದೇಶ ಒಳ್ಳೆಯದೇ. ಕಾವಲಿಲ್ಲದ ಕಾಡುಗಳ ಗತಿಯೇನಾಯಿತೆಂಬುದನ್ನು ನಾವು ಬಲ್ಲೆವು. ಆದರೆ ಸೊಪ್ಪು ಕೊಯ್ಯಲು ಹೊರಟ ಗೃಹಿಣಿಯೂ ಮರಗಳ್ಳನೂ ಒಂದೇ ಕಾನೂನಿನ ಕಣ್ಣಿಗೆ ಒಂದೇ ರೀತಿ ಕಾಣತೊಡಗಿದುದು ಒಂದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇತ್ತ ಕಾಡಿನ ತಳವನ್ನು ಲಂಟಾನ ಮುಚ್ಚತೊಡಗಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ.

ಈ ನಡುವೆ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಮೂಲಕ ಆಸ್ಪತ್ರೆಯೂ ಶಾಲೆಯೂ ಬೆಟ್ಟಕ್ಕೆ ಬಂದವು. ಅಕ್ಷರ ಕಲಿತ ಮಕ್ಕಳು ಮುಂದೆ ತಮ್ಮ ಜನರ ಅರ್ಜಿಗಳನ್ನು ತಾವೇ ಬರೆಯಬಲ್ಲವರಾದರು. ಜೇನು, ನೆಲ್ಲಿ, ಸೀಗೆಗಳನ್ನು ಆಯ್ದು ಸಹಕಾರ ಸಂಘಕ್ಕೆ ಮಾರುವುದು ಮನೆಯ ಆದಾಯದ ದೊಡ್ಡ ಪಾಲಾಗಿತ್ತು. ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಅದಕ್ಕೂ ತಡೆ ಬಿದ್ದು, ಅನೇಕರು ಕೂಲಿಗಾಗಿ ಕಾಫಿ ತೋಟಗಳತ್ತ ನಡೆಯಬೇಕಾಯಿತು.

2006ರ ಅರಣ್ಯ ಹಕ್ಕು ಕಾಯಿದೆಯಿಂದ ಕಥೆ ತಿರುವು ಪಡೆಯಿತು. ಅರಣ್ಯವಾಸಿ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದಲೂ ಕಾಡಿನಲ್ಲಿ ನೆಲೆಸಿದ್ದರೆಂದು ತೋರಿಸಿದರೆ ಹಕ್ಕು ಕೇಳಬಹುದು. ತೋರಿಸುವುದು ಹೇಗೆ? ಪಟ್ಟಾ, ಕಂದಾಯದ ರಸೀದಿ ಎಲ್ಲಿಂದ ತರುವುದು? 2008ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಸರ್ಕಾರಿ ದಾಖಲೆಗಳ ಜೊತೆಗೆ ಮನೆ, ಬದು, ಬಾವಿ, ಸಮಾಧಿ ಸ್ಥಳ, ಪವಿತ್ರ ಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪಿದವು. ಹಿರಿಯರು ಹೇಳಿ ಬರೆಸಿದ ಮಾತನ್ನೂ ಒಪ್ಪಿದವು. ಹೀಗೆ ತಾತ ಮುತ್ತಾತಂದಿರ ಸಮಾಧಿಗಳು ದಾಖಲೆಯಾದವು. ಅಜ್ಜಿಯ ನೆನಪಿಗೆ ಕಡತದಲ್ಲಿ ಸ್ಥಾನ ದೊರೆಯಿತು. ಸೋಲಿಗರು ಸಂಶೋಧಕರೊಡನೆ ಕಾಡು ಸುತ್ತಿ ತಮ್ಮ ಎಲ್ಲೆಗಳ ಪವಿತ್ರ ಸ್ಥಳಗಳನ್ನು ನಕಾಶೆಯಲ್ಲಿ ಗುರುತಿಸಿದರು.

2011ರ ಜನವರಿಯಲ್ಲಿ ಅಭಯಾರಣ್ಯವು ಹುಲಿ ಸಂರಕ್ಷಿತ ಪ್ರದೇಶವಾದಾಗ ಪೋಡುಗಳಲ್ಲಿ ಒಕ್ಕಲೆಬ್ಬಿಸುವ ಭಯ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗಿದ್ದು ಇಂಥ ಹಕ್ಕು ಪಡೆದವರಲ್ಲಿ ಇವರೇ ದೇಶಕ್ಕೆ ಮೊದಲಿಗರು. ಹಕ್ಕುಪತ್ರ ಬಂದಮಾತ್ರಕ್ಕೆ ಬಡತನ ನೀಗಲಿಲ್ಲ, ಲಂಟಾನವೂ ತೊಲಗಲಿಲ್ಲ. ಆದರೆ ಜೇನು ತರಲು ಹೋಗುವ ತಂದೆ ತನ್ನ ಮಗನನ್ನು ಕಳ್ಳನಂತೆ ಬಚ್ಚಿಟ್ಟುಕೊಂಡು ಕರೆದೊಯ್ಯಬೇಕಾದ ಕಾರಣ ಕಾನೂನಿನಲ್ಲಿ ಉಳಿಯಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಶಿಕ್ಷಕರು. ಮತ್ತೆ ಕೆಲವರು ಕಚೇರಿಗಳಲ್ಲಿ ಕಡತ ನೋಡುವವರು. ಕಾಗದವಿಲ್ಲದೆ ಬಂದ ಮುದುಕಿಯೊಬ್ಬಳು ತನ್ನ ಊರಿನ ಕಥೆ ಹೇಳತೊಡಗಿದರೆ ಕುರ್ಚಿ ಕೊಟ್ಟು ಕೂರಿಸಿ, ಕೇಳಿ, ಬರೆದುಕೊಳ್ಳಿರಿ. ನಿಮ್ಮ ಮನೆಯ ಹಿರಿಯರ ಮಾತನ್ನೂ ಅವರು ಇರುವಾಗಲೇ ಬರೆದಿಡಿರಿ.