ಶಾಸನದ ಸಂಖ್ಯೆ, ಸಂಪುಟದ ಹೆಸರು

ಕರ್ನಾಟಕದ ಇತಿಹಾಸ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ‘ಎ.ಕ. 10, ಚಿಂತಾಮಣಿ’ ಎಂಬ ಉಲ್ಲೇಖವೂ ಅದರ ಮುಂದೊಂದು ಸಂಖ್ಯೆಯೂ ಕಾಣಸಿಗುತ್ತವೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿರುವ, ಚಿಂತಾಮಣಿ ತಾಲ್ಲೂಕಿನ ಇಂತಿಷ್ಟನೆಯ ಶಾಸನ ಎಂದು ಅದರ ಅರ್ಥ. 1905ರಲ್ಲಿ ಹೊರಬಂದ ಆ ಸಂಪುಟ ಅಂದಿನ ಕೋಲಾರ ಜಿಲ್ಲೆಯದು. 2007ರಲ್ಲಿ ತಾಲ್ಲೂಕು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಹಳೆಯ ಉಲ್ಲೇಖ ಅಳಿದಿಲ್ಲ.

ಈ ಮಾಲೆಯ ಸಂಪಾದಕರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಕಾರ್ಯ ಹನ್ನೆರಡು ಸಂಪುಟಗಳಿಗೆ ಬೆಳೆದು, ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾದವು. ತಾಲ್ಲೂಕುವಾರು ಸಂಖ್ಯೆ, ಮೂಲಪಾಠ, ಇಂಗ್ಲಿಷ್ ಅನುವಾದ, ಪೀಠಿಕೆ: ಈ ಸ್ವರೂಪವೇ ರೈಸರ ಕೀರ್ತಿಗೆ ಬುನಾದಿಯಾಯಿತು. ಕಲ್ಲನ್ನು ಕಂಡಿರದ ಲಂಡನ್ನಿನ ವಿದ್ವಾಂಸನೂ ಸಂಖ್ಯೆ ಹಿಡಿದು ಶಾಸನವನ್ನು ಉದ್ಧರಿಸಬಹುದಾಗಿತ್ತು. ಆದರೆ ಬಿಸಿಲಿನಲ್ಲಿ ಕಲ್ಲು ತೊಳೆದು, ಪಡಿಯಚ್ಚು ತೆಗೆದು, ಸವೆದ ಅಕ್ಷರಗಳನ್ನು ಓದಿದ ಸಹಾಯಕರ ಹೆಸರಿಗೆ ಮುಖಪುಟದಲ್ಲಿ ಜಾಗವಿರಲಿಲ್ಲ.

ಅಂತಹ ಸಹಾಯಕರಲ್ಲೊಬ್ಬರಾದ ಆರ್. ನರಸಿಂಹಾಚಾರ್ 1906ರಲ್ಲಿ ಇಲಾಖೆಯ ಹೊಣೆ ಹೊತ್ತರು. 1922ರವರೆಗಿನ ಅವರ ಶೋಧಗಳು ಬಹುಮಟ್ಟಿಗೆ ವಾರ್ಷಿಕ ವರದಿಗಳಲ್ಲಿ ಬಂದವು. ಹೊಸ ಶಾಸನದ ಸುದ್ದಿ ಬೇಗ ತಿಳಿಯುವುದು ವರದಿಯ ಗುಣ. ಒಂದೇ ಊರಿನ ಸಾಮಗ್ರಿ ಹಲವು ವರ್ಷಗಳ ಪುಟಗಳಲ್ಲಿ ಚದುರಿಹೋಗುವುದು ಅದರ ದೋಷ. ಅವರೇ ಪರಿಷ್ಕರಿಸಿದ ಶ್ರವಣಬೆಳಗೊಳ ಸಂಪುಟದಲ್ಲಿ, ರೈಸರ 144 ಶಾಸನಗಳ ಜಾಗದಲ್ಲಿ 500 ಶಾಸನಗಳಿವೆ. 1923ರ ಆ ಗ್ರಂಥ ಇಂದಿಗೂ ಆಧಾರಗ್ರಂಥ. ಆದರೂ ಸಾಮಾನ್ಯ ಓದುಗರು ಅವರನ್ನು ಬಲ್ಲದ್ದು 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಕರ್ನಾಟಕ ಕವಿಚರಿತೆ’ಯಿಂದ. ಅದರ ಮೊದಲ ಸಂಪುಟಕ್ಕೆ ಜೊತೆಗಾರರಾಗಿದ್ದ ಎಸ್.ಜಿ. ನರಸಿಂಹಾಚಾರ್ ಅವರನ್ನು ನೆನೆಯುವವರು ವಿರಳ.

ವಿದ್ವತ್ತನ್ನು ಅಳೆಯುವ ಮಾನದಂಡ ಅನಂತರವೂ ಬದಲಾಗುತ್ತ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿ ಅಧ್ಯಾಪಕರ ಲೇಖನ, ಪುಸ್ತಕಗಳಿಗೆ ಅಂಕ ನಿಗದಿಪಡಿಸಿ, ಬಡ್ತಿಗೆ ಅದನ್ನು ಆಧಾರವಾಗಿಸಿತು. ಹತ್ತು ವರ್ಷ ಕೂತು ಒಂದು ಶಾಸನ ಸಂಪುಟ ಸಿದ್ಧಪಡಿಸುವವರಿಗಿಂತ ವರ್ಷಕ್ಕೆರಡು ಲೇಖನ ಬರೆಯುವವರಿಗೆ ಇಂತಹ ಲೆಕ್ಕ ಅನುಕೂಲ. ಆದರೆ ಆ ಲೇಖನಗಳಿಗೂ ಆಧಾರ ಬೇಕಲ್ಲ! ಚಿಂತಾಮಣಿಯ ಶಾಸನಕ್ಕಾಗಿ ಸಂಶೋಧಕರು ಇಂದಿಗೂ 1905ರ ಸಂಪುಟವನ್ನೇ ತೆರೆಯುತ್ತಾರೆ.