ಜಲಜನಕ ಸಂವೇದಕಗಳು: ನ್ಯಾನೊ ವಸ್ತುಗಳ ಚರಿತ್ರೆ

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದರ ಪಾಲು ಶೇ. 4ಕ್ಕೆ ಮುಟ್ಟಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು; ಹಗಲಿನಲ್ಲಿ ಆ ಜ್ವಾಲೆ ಕಣ್ಣಿಗೆ ಬೀಳುವುದೂ ಕಷ್ಟ. ಸೋರಿಕೆಯನ್ನು ಉಪಕರಣವೇ ಹಿಡಿಯಬೇಕು. ಅನಿಲ ಬಂದಿದೆ ಎಂದು ತಿಳಿಯುವ ವಿದ್ಯೆ ಬೇಗ ಕೈಗೂಡಿತು. ಬಂದದ್ದು ಜಲಜನಕವೇ ಎಂದು ಗುರುತಿಸುವುದೇ ಈ ಕ್ಷೇತ್ರದ ನಿಜವಾದ ಸವಾಲು.

ಪಲ್ಲೇಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರುತ್ತದೆಂದು 1866ರಲ್ಲಿ ಥಾಮಸ್ ಗ್ರಹಾಂ ಕಂಡುಕೊಂಡರು. 1962ರಲ್ಲಿ ಜಪಾನಿನ ಸೆಯಾಮಾ ತಂಡ, ಬಿಸಿಮಾಡಿದ ಸತುವಿನ ಆಕ್ಸೈಡ್ ಪದರದ ವಾಹಕತೆ ಅನಿಲ ತಾಗಿದಾಗ ಬದಲಾಗುವುದನ್ನು ತೋರಿಸಿತು. 1975ರಲ್ಲಿ ಸ್ವೀಡನ್ನಿನಲ್ಲಿ ಪಲ್ಲೇಡಿಯಂ ಗೇಟಿನ ಟ್ರಾನ್ಸಿಸ್ಟರ್ ಬಂತು. 2001ರಲ್ಲಿ ಅಮೆರಿಕದ ಪೆನ್ನರ್ ತಂಡ ಹೊಸ ದಾರಿ ತೆರೆಯಿತು: ಅವರ ಸೂಕ್ಷ್ಮ ಪಲ್ಲೇಡಿಯಂ ತಂತಿಗಳಲ್ಲಿ ಅಲ್ಲಲ್ಲಿ ಬಿರುಕುಗಳಿದ್ದವು. ಜಲಜನಕ ಹೀರಿದಾಗ ಲೋಹ ಉಬ್ಬಿ ಬಿರುಕು ಮುಚ್ಚುತ್ತಿತ್ತು, ವಿದ್ಯುತ್ ಹೆಚ್ಚು ಹರಿಯುತ್ತಿತ್ತು.

ಕರ್ನಾಟಕದ ಮಹತ್ವದ ಕೆಲಸ ನಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹೋದ್ಯೋಗಿಗಳು ಸತುವಿನ ಆಕ್ಸೈಡ್‌ನ ನ್ಯಾನೊ ಕಡ್ಡಿ, ತಂತಿ, ಕೊಳವೆಗಳನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 1ರಷ್ಟು ಪ್ಲಾಟಿನಂ ಸೇರಿಸಿದಾಗ, ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ, ಹತ್ತು ಲಕ್ಷಕ್ಕೆ ಸಾವಿರ ಭಾಗ ಜಲಜನಕಕ್ಕೂ ಬಲವಾದ ಸ್ಪಂದನೆ ಸಿಕ್ಕಿತು. ಆಕ್ಸೈಡ್‌ನ ಮೇಲ್ಮೈಗೆ ಅಂಟಿದ ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಪ್ಲಾಟಿನಂ ಒಡೆದುಕೊಟ್ಟ ಜಲಜನಕ ಆ ಆಮ್ಲಜನಕದೊಡನೆ ಸೇರಿ ನೀರಾದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ರೋಧ ಇಳಿಯುತ್ತದೆ. ತಂತಿ ತೆಳುವಾದಷ್ಟೂ ಈ ಬದಲಾವಣೆ ಅದರ ಒಡಲೆಲ್ಲವನ್ನೂ ತಟ್ಟುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಈ ವಸ್ತುಗಳು ಎಥನಾಲ್ ಆವಿಗೂ ಚೆನ್ನಾಗಿ ಸ್ಪಂದಿಸಿದವು. ಆ ಆಮ್ಲಜನಕವನ್ನು ಬಳಸಿಕೊಳ್ಳಬಲ್ಲ ಅನಿಲ ಯಾವುದಾದರೂ ಸರಿ, ಸಂಕೇತ ಮೂಡುತ್ತದೆ. ಈ ಬರಹದ ಮಟ್ಟಿಗೆ, ಜಕ್ಕೂರಿನ ಪ್ರಯೋಗ ಸಾಧನೆಯಷ್ಟೇ ಸಮಸ್ಯೆಯನ್ನೂ ಸ್ಪಷ್ಟವಾಗಿ ಮುಂದಿಟ್ಟಿತು ಎಂಬುದೇ ಮುಖ್ಯ.

2016ರಲ್ಲಿ ಫ್ರಾನ್ಸ್ ಮತ್ತು ಕೊರಿಯಾದ ಸಂಶೋಧಕರು ಇದಕ್ಕೆ ಜರಡಿಯ ಉಪಾಯ ಹೂಡಿದರು. ಸತುವಿನ ಆಕ್ಸೈಡ್ ತಂತಿಗಳಿಗೆ ಸುಮಾರು 0.34 ನ್ಯಾನೊಮೀಟರ್ ರಂಧ್ರಗಳಿರುವ ಲೋಹ-ಸಾವಯವ ಪೊರೆ ಹೊದಿಸಿದರು. ಸುಮಾರು 0.29 ನ್ಯಾನೊಮೀಟರಿನ ಜಲಜನಕ ಅಣು ಒಳನುಗ್ಗಿತು; ಬೆಂಜೀನ್, ಟಾಲೂಯಿನ್‌ಗಳಿಗೆ ಬಹುಮಟ್ಟಿಗೆ ತಡೆ ಬಿತ್ತು. ಪಲ್ಲೇಡಿಯಂ ಮಾರ್ಗದಲ್ಲಿ ಚಿನ್ನ ಬೆರೆಸಿದ ಮಿಶ್ರಲೋಹಗಳು ಬಂದವು. ಅವು ಅನಿಲ ಹೀರುವಾಗ ಮತ್ತು ಬಿಡುವಾಗ ಬೇರೆಬೇರೆ ಅಳತೆ ತೋರುವ ದೋಷವನ್ನು ತಗ್ಗಿಸುತ್ತವೆ. ಗಾಳಿಯ ತೇವ ಇನ್ನೂ ದೊಡ್ಡ ತೊಡಕು: ಮಳೆಗಾಲದ ಒದ್ದೆ ಗಾಳಿಯಲ್ಲಿ ಆಕ್ಸೈಡ್‌ನ ಮೇಲ್ಮೈಗೆ ನೀರಿನ ಅಣುಗಳು ಅಂಟಿ, ಒಣ ಪ್ರಯೋಗಾಲಯದಲ್ಲಿ ಹೊಂದಿಸಿದ ಅಳತೆಯನ್ನು ಕೆಡಿಸುತ್ತವೆ.